ಆ ರೈಲು ಬಿಟ್ಟರು, ಬದುಕಿದರು: ಮುಂದಾಗುವುದು ಮೊದಲೇ ಗೊತ್ತಾಗುತ್ತದಾ?

ಮಾಟುಂಗದ ಮಾಣಿ:
ನಮ್ಮ ಬಿಲ್ಡಿಂಗಿನ ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿನ್ನೆಯಿಂದ ಜಗಳ. ಅಲ್ಲಿ ಮುಗಿಯುವ ಹಾಗೆ ಕಾಣುವುದಿಲ್ಲ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ. 2006ರ ಜುಲೈ 11ರಂದು ಸಂಜೆ ವೆಸ್ಟರ್ನ್ ಲೈನಿನಲ್ಲಿ 11 ನಿಮಿಷದೊಳಗೆ ಏಳು ಬಾಂಬ್ ಸಿಡಿದವಲ್ಲ, ಒಬ್ಬರು ಆ ದಿನದ ಕತೆ ತೆಗೆದರು. ಅವರ ಭಾವ ಚರ್ಚ್‌ಗೇಟಿನಲ್ಲಿ ದಿನಾ ಹತ್ತುವ ಫಾಸ್ಟ್ ಲೋಕಲ್ ಅವತ್ತು ಹತ್ತಲಿಲ್ಲವಂತೆ. ಬೆಳಗ್ಗೆಯಿಂದ ಎದೆಯಲ್ಲಿ ಏನೋ ಒಂಥರಾ, ಪ್ಲಾಟ್‌ಫಾರ್ಮಿನಲ್ಲಿ ಕಾಲೇ ಮುಂದೆ ಹೋಗಲಿಲ್ಲ, ಸುಮ್ನೆ ಚಹಾ ಕುಡಿಯುತ್ತ ನಿಂತರಂತೆ. ಆಮೇಲೆ ಅದೇ ಗಾಡಿಯ ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಸ್ಫೋಟ.

ಗುಂಪಿನ ಅರ್ಧ ಜನ ಕೈಮುಗಿಯುವ ಚಿತ್ರ ಹಾಕಿದರು. ಉಳಿದವರು 'ಕಾಕತಾಳೀಯ' ಎಂದು ಒಂದೇ ಮಾತು ಹಾಕಿ ಮಲಗಿದರು. ನನಗೆ ಎರಡೂ ಸಾಲಲಿಲ್ಲ. ಮುಂದಾಗುವುದು ಮೊದಲೇ ತಿಳಿಯುವ ಶಕ್ತಿ ಅಂತ ಒಂದಿದೆಯಾ? ಇಲ್ಲದಿದ್ದರೆ ಇಷ್ಟು ಮನೆಗಳಲ್ಲಿ ಇಂಥ ಕತೆ ಯಾಕಿದೆ?

ಬೊರಿವಲಿ ಶೆಟ್ರು:
ಇದರಲ್ಲಿ ಕೇಳುವುದು ಏನಿದೆ ಮಾರಾಯ? ನಾವು ಸಾಂತಾಕ್ರೂಜಿನ ಚಾಳಿನಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ಅಮ್ಮ ಬಂಗುಡೆ ಸಾರಿಗೆ ಮಸಾಲೆ ಅರೆಯುತ್ತಿದ್ದವಳು ಕೈ ನಿಲ್ಲಿಸಿ 'ಅಣ್ಣ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು' ಅಂದಳು. ಅವತ್ತು ಮೀನು ಮಾಡಲೇ ಇಲ್ಲ. ಸಂಜೆ ಕೆಳಗಿನ ಅಂಗಡಿಗೆ ಊರಿಂದ ಟ್ರಂಕ್ ಕಾಲ್. ದೊಡ್ಡ ಮಾವ ಹೋಗಿದ್ದರು. ಇದು ಕೇಳಿದ ಕತೆ ಅಲ್ಲ, ನಾನು ಅಲ್ಲೇ ಕೂತಿದ್ದೆ. ದೈವದ ನುಡಿ, ಪಾತ್ರಿಗೆ ದರ್ಶನ ಬರುವುದು, ಅದೆಲ್ಲ ಬೇರೆ ವಿಷಯ, ಅದನ್ನು ಇಲ್ಲಿ ಎಳೆಯಬೇಡಿ. ಆದರೆ ರಕ್ತಸಂಬಂಧಕ್ಕೆ ತಂತಿ ಬೇಕಾಗಿಲ್ಲ ಎಂಬುದು ನನಗೆ ಆವತ್ತೇ ಗೊತ್ತಾಯಿತು.

ಕೊತ್ರೂಡ್ ಅಕ್ಕ:
ಶೆಟ್ರೇ, ನಿಮ್ಮ ಅಮ್ಮ ಸುಳ್ಳು ಹೇಳಿದರು ಎಂದು ಯಾರೂ ಹೇಳುವುದಿಲ್ಲ. ನಿಮ್ಮ ಕತೆಯಂಥದ್ದೇ ಒಂದು ಅನುಭವ ಲೂಯಿಸ್ ಆಲ್ವಾರೆಜ್ ಎಂಬ ಭೌತವಿಜ್ಞಾನಿಗೆ ಆಗಿತ್ತು. 1968ರಲ್ಲಿ ನೊಬೆಲ್ ಬಂತಲ್ಲ, ಅದೇ ಮನುಷ್ಯ. ಪೇಪರ್ ಓದುವಾಗ ಯಾವುದೋ ಸಾಲಿನಿಂದ ಕಾಲೇಜು ದಿನಗಳ ಒಬ್ಬ ಪರಿಚಿತನ ನೆನಪಾಯಿತು. ಎಷ್ಟೋ ವರ್ಷಗಳಿಂದ ನೆನಪೇ ಇಲ್ಲದ ವ್ಯಕ್ತಿ. ಐದು ನಿಮಿಷ ಆಗಿಲ್ಲ, ಅದೇ ಪೇಪರಿನಲ್ಲಿ ಅವನ ಸಾವಿನ ಸುದ್ದಿ.

ಆಲ್ವಾರೆಜ್ ಕೈಮುಗಿಯಲೂ ಇಲ್ಲ, ನಗಲೂ ಇಲ್ಲ. ಲೆಕ್ಕ ಹಾಕಿದರು. ಒಬ್ಬರಿಗೆ ಎಷ್ಟು ಜನರ ಪರಿಚಯ ಇರುತ್ತದೆ, ಅವರನ್ನು ಎಷ್ಟು ಸಲ ನೆನೆಯುತ್ತಾರೆ, ಸಾವಿನ ಸುದ್ದಿಗೆ ಐದು ನಿಮಿಷ ಮೊದಲೇ ಆ ನೆನಪು ಬೀಳುವ ಸಾಧ್ಯತೆ ಎಷ್ಟು ಅಂತ. ಅಮೆರಿಕದಲ್ಲೇ ವರ್ಷಕ್ಕೆ ಸುಮಾರು 3,000 ಜನರಿಗೆ ಹೀಗೆ ಆಗಬೇಕು ಎಂದು ಬಂತು. ದಿನಕ್ಕೆ ಹತ್ತಿರ ಹತ್ತು ಜನ, ಯಾವ ಶಕ್ತಿಯೂ ಇಲ್ಲದೆ. 1965ರಲ್ಲಿ 'ಸೈನ್ಸ್' ಪತ್ರಿಕೆಗೆ ಈ ಪತ್ರ ಬರೆದರು.

ನಮ್ಮ ಮುಂಬೈಗೆ ಇದನ್ನೇ ಹಾಕಿ ನೋಡಿ. 2011ರ ಜನಗಣತಿ ಪ್ರಕಾರ ನಗರದಲ್ಲಿ 1.24 ಕೋಟಿ ಜನ. ಹತ್ತು ಲಕ್ಷ ಕನಸಿನಲ್ಲಿ ಒಂದು ಮಾತ್ರ ಮರುದಿನದ ಘಟನೆಗೆ ಪಕ್ಕಾ ಹೊಂದುತ್ತದೆ ಎಂದು ಇಟ್ಟುಕೊಳ್ಳೋಣ. ತಲೆಗೆ ರಾತ್ರಿ ಒಂದೇ ಕನಸು ಅಂದುಕೊಂಡರೂ ಪ್ರತಿ ಬೆಳಗ್ಗೆ ಹನ್ನೆರಡು ಜನ ಮೈ ಜುಮ್ ಎಂದು ಏಳುತ್ತಾರೆ. ಅವರು ಹನ್ನೆರಡೂ ಜನ ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾರೆ. ಉಳಿದವರು ಹಲ್ಲುಜ್ಜಲು ಹೋಗುತ್ತಾರೆ.

ಬೊರಿವಲಿ ಶೆಟ್ರು:
ಅಕ್ಕಾ, ನಿಮ್ಮ ಲೆಕ್ಕ ಊರಿನದ್ದು. ನಮ್ಮ ಮನೆಯದ್ದು ಅಲ್ಲ. ಆ ಹೊತ್ತಿಗೇ, ಆ ಮನುಷ್ಯನೇ ಯಾಕೆ?

ಕೊತ್ರೂಡ್ ಅಕ್ಕ:
ಒಂದೇ ಪ್ರಶ್ನೆ. ಮಾವನಿಗೆ ಮೊದಲೇ ಹುಷಾರಿರಲಿಲ್ಲವಾ?

ಬೊರಿವಲಿ ಶೆಟ್ರು:
ಇರಲಿಲ್ಲ. ಆದರೆ ಡಾಕ್ಟರು ಪರವಾಗಿಲ್ಲ ಎಂದಿದ್ದರು. ಕಾಗದದಲ್ಲೂ ಹಾಗೇ ಬರೆದಿದ್ದರು. ನೀವು ಎಲ್ಲಿಗೆ ಬರುತ್ತೀರಿ ಎಂದು ಗೊತ್ತು. ಅಮ್ಮನಿಗೆ ಚಿಂತೆ ಇತ್ತು, ಅದಕ್ಕೆ ಹಾಗೆ ಅನ್ನಿಸಿತು ಅಂತ ತಾನೇ? ಚಿಂತೆ ತಿಂಗಳುಗಟ್ಟಲೆ ಇತ್ತು. ಬಾಗಿಲಲ್ಲಿ ಬಂದು ನಿಂತದ್ದು ಅವತ್ತು ಮಾತ್ರ.

ಥಾಣೆ ಸಿಸ್ಟರ್:
ಇಬ್ಬರಿಗೂ ಸ್ವಲ್ಪ ಅಡ್ಡ ಬರುತ್ತೇನೆ. ನಾನು ಐಸಿಯುನಲ್ಲಿ ಕೆಲಸ ಮಾಡುವವಳು. ಪೇಷಂಟ್ ಇದ್ದಕ್ಕಿದ್ದಂತೆ 'ಸಿಸ್ಟರ್, ನಾನಿನ್ನು ಉಳಿಯಲ್ಲ' ಎಂದರೆ ನಾವು ಯಾರೂ ನಗುವುದಿಲ್ಲ. ಓಡಿಹೋಗಿ ಬಿಪಿ ನೋಡುತ್ತೇವೆ, ಇಸಿಜಿ ಹಚ್ಚುತ್ತೇವೆ. ಏನೋ ಭಯಂಕರ ಆಗಲಿದೆ ಎನ್ನುವ ಆ ಭಾವನೆಯೇ ಒಂದು ರೋಗಲಕ್ಷಣ ಎಂದು ನಮಗೆ ಕಲಿಸಿದ್ದಾರೆ. ಹಾರ್ಟ್ ಅಟ್ಯಾಕ್‌ನಲ್ಲಿ ಬರುತ್ತದೆ, ಔಷಧಿ ಮೈಗೆ ಆಗದೆ ತೀವ್ರ ಅಲರ್ಜಿ ಆದಾಗ ಬರುತ್ತದೆ, ಬೇರೆ ಗುಂಪಿನ ರಕ್ತ ತಪ್ಪಿ ಏರಿಸಿದರೂ ಬರುತ್ತದೆ. ಕೆಲವು ಸಲ ಮಾನಿಟರ್ ಕೂಗುವ ಮೊದಲೇ ಮನುಷ್ಯ ಹೇಳಿರುತ್ತಾನೆ. ದೇಹಕ್ಕೆ ಒಳಗಿನಿಂದ ಗೊತ್ತಾಗಿರುತ್ತದೆ, ಬುದ್ಧಿಗೆ ಕಾರಣ ಸಿಕ್ಕಿರುವುದಿಲ್ಲ ಅಷ್ಟೆ.

ಹಾಗಾಗಿ 'ಎಲ್ಲ ಭ್ರಮೆ' ಎನ್ನುವವರ ಜೊತೆ ನಾನಿಲ್ಲ. ಆದರೆ ಇದು ಅವರವರ ದೇಹದ ಸುದ್ದಿ. ಸಾಂತಾಕ್ರೂಜಿನಲ್ಲಿ ಕೂತವರಿಗೆ ಊರಿನಲ್ಲಿದ್ದವರ ಇಸಿಜಿ ಹೇಗೆ ಬರುತ್ತದೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಾಟುಂಗದ ಮಾಣಿ:
ಸಿಸ್ಟರ್ ಮಾತು ಬಹಳ ಮುಖ್ಯ. ಇದಕ್ಕೆ ಹತ್ತಿರದ್ದೇ ಒಂದು ಘಟನೆಯನ್ನು ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ದಾಖಲಿಸಿದ್ದಾರೆ. ಅಮೆರಿಕದಲ್ಲಿ ಬೆಂಕಿ ಆರಿಸುವ ತಂಡ ಒಂದು ಮನೆಗೆ ನುಗ್ಗಿದೆ. ಅಡುಗೆಮನೆ ಬೆಂಕಿ, ಮಾಮೂಲಿ ಕೆಲಸ. ಇದ್ದಕ್ಕಿದ್ದಂತೆ ಮುಖ್ಯಸ್ಥನಿಗೆ ಏನೋ ಸರಿ ಇಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಎಳೆದಿದ್ದಾನೆ. ಹಿಂದೆಯೇ ಅವರು ನಿಂತಿದ್ದ ನೆಲ ಕುಸಿದಿದೆ. ತನಗೆ ಅತೀಂದ್ರಿಯ ಶಕ್ತಿ ಇದೆ ಎಂದೇ ಆತ ನಂಬಿದ್ದನಂತೆ. ಕ್ಲೈನ್ ಕೂತು ಕೇಳುತ್ತ ಹೋದಾಗ ಗೊತ್ತಾದದ್ದು ಬೇರೆ. ನೀರು ಹೊಡೆದರೂ ಬೆಂಕಿ ಬಗ್ಗಲಿಲ್ಲ, ಕೋಣೆ ಅಷ್ಟು ಬೆಂಕಿಗೆ ಇರಬೇಕಾದ್ದಕ್ಕಿಂತ ಜಾಸ್ತಿ ಬಿಸಿ, ಸದ್ದು ಮಾತ್ರ ತೀರಾ ಕಡಿಮೆ. ನಿಜವಾದ ಬೆಂಕಿ ಕಾಲ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಕಿವಿ, ಚರ್ಮ ಅದನ್ನು ಹಿಡಿದಿದ್ದವು, ಅವನಿಗೆ ಬಂದು ಮುಟ್ಟಿದ್ದು ಭಯ ಮಾತ್ರ.

ಆದರೂ ಚರ್ಚ್‌ಗೇಟಿನ ಭಾವನಿಗೆ ಇದು ಹೊಂದುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅಂಥ ಸುಳಿವು ಏನು ಸಿಕ್ಕೀತು?

ಕೊತ್ರೂಡ್ ಅಕ್ಕ:
ಹೊಂದುವುದಿಲ್ಲ, ಹೌದು. ಅಲ್ಲಿ ಬೇರೆ ಪ್ರಶ್ನೆ ಕೇಳಬೇಕು. ಮುಂಬೈ ಲೋಕಲ್‌ನಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಪ್ರಯಾಣ ನಡೆಯುತ್ತದೆ. ಯಾವ ದಿನ ಬೇಕಾದರೂ ತೆಗೆದುಕೊಳ್ಳಿ, ಸಾವಿರಾರು ಜನ ತಮ್ಮ ಗಾಡಿ ತಪ್ಪಿಸಿಕೊಳ್ಳುತ್ತಾರೆ, ಸಾವಿರಾರು ಜನರಿಗೆ ಮನಸ್ಸು ಸರಿ ಇರುವುದಿಲ್ಲ. ಏನೂ ಆಗದ ದಿನ ಅದು ಬೇಜಾರು, ಅಸಿಡಿಟಿ, ಬಾಸ್ ಜೊತೆ ಜಗಳ. ಬಾಂಬ್ ಸಿಡಿದ ದಿನ ಅದೇ ಮುನ್ಸೂಚನೆ ಆಗುತ್ತದೆ. ಅವತ್ತು ಸತ್ತವರು 180ಕ್ಕೂ ಹೆಚ್ಚು. ಅವರು ಎಂದಿನಂತೆ ಗಾಡಿ ಹತ್ತಿದರು. ಎಚ್ಚರಿಕೆ ಕೊಡುವ ಶಕ್ತಿ ಒಂದಿದ್ದರೆ ಅವರಿಗೆ ಯಾಕೆ ಕೊಡಲಿಲ್ಲ?

ಬೊರಿವಲಿ ಶೆಟ್ರು:
ಅವರಿಗೂ ಅನ್ನಿಸಿತ್ತೋ ಏನೋ. ಆಫೀಸು, ಮನೆ ಎಂದು ಹತ್ತಿಬಿಟ್ಟಿರಬಹುದು. ಹೇಳಲು ಅವರಿಲ್ಲವಲ್ಲ. ಈ ಕಡೆ ಬದುಕಿದವರ ಮಾತು ಮಾತ್ರ ಸಿಗುತ್ತದೆ ಎನ್ನುವುದಾದರೆ ಅದು ನಿಮ್ಮ ವಾದಕ್ಕೂ ಪೆಟ್ಟೇ.

ಕೊತ್ರೂಡ್ ಅಕ್ಕ:
ಅದು ಸರಿಯಾದ ಮಾತು, ಶೆಟ್ರೇ. ಅದಕ್ಕೇ ಘಟನೆ ಆದ ಮೇಲಿನ ಕತೆ ಯಾವ ಕಡೆಗೂ ಸಾಕ್ಷಿ ಆಗುವುದಿಲ್ಲ ಎನ್ನುವುದು.

ಪಿಂಪ್ರಿಯ ಹಡಗಲಿ ಹುಡುಗ:
ಮುನ್ಸೂಚನೆ ಅಂದಕೂಡಲೇ ನಮ್ಮ ಮೈಲಾರದ ಕಾರ್ಣಿಕ ನೆನಪಾಯಿತ್ರೀ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ, 'ಸದ್ದಲೇ' ಎನ್ನುತ್ತಾನೆ, ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಸಾಲು. ಅಷ್ಟು ಹೇಳಿ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆಮೇಲೆ ಶುರು ನೋಡಿ. ರೈತರು ಅದು ಮಳೆಯ ಮಾತು ಎನ್ನುತ್ತಾರೆ, ರಾಜಕೀಯದವರು ಕುರ್ಚಿಯ ಮಾತು ಎನ್ನುತ್ತಾರೆ. ಮಳೆ ಚೆನ್ನಾಗಿ ಬಂದರೂ ಕಾರ್ಣಿಕ ನಿಜ, ಸರ್ಕಾರ ಬಿದ್ದರೂ ಕಾರ್ಣಿಕ ನಿಜ. ನಮ್ಮಪ್ಪ ಭಂಡಾರ ಹಚ್ಚಿಕೊಂಡು ಕೇಳುತ್ತಿದ್ದ, ಮನೆಗೆ ಬಂದು ಬೀಜ ಮಾತ್ರ ತನ್ನ ಲೆಕ್ಕದಲ್ಲೇ ತರುತ್ತಿದ್ದ.

ನಾನು ಇವತ್ತಿಗೂ ಹೋಗುತ್ತೇನೆ, ಮುಂದೆಯೂ ಹೋಗುತ್ತೇನೆ. ಆ ಒಂದು ಕ್ಷಣದ ನಿಶ್ಶಬ್ದ ಬೇರೆ ಎಲ್ಲೂ ಸಿಗುವುದಿಲ್ಲ. ಆದರೆ ಪರೀಕ್ಷೆ ಮಾಡಲು ಬರುವಂಥ ಮಾತು ಅದಲ್ಲ. ಬೆಳಗ್ಗೆ ಬಾಗಿಲಿಗೆ ಬಂದು 'ಹಾಲಕ್ಕಿ ನುಡಿತೈತೆ, ಒಳ್ಳೇದಾಗತೈತೆ' ಎನ್ನುವ ಬುಡಬುಡಿಕೆಯವನದ್ದೂ ಹಾಗೇ. ಯಾರ ಮನೆಯಲ್ಲಿ ಏನಾದರೂ ಒಂದು ಒಳ್ಳೇದು ಆಗುವುದಿಲ್ಲ ಹೇಳಿ.

ಮಡಗಾಂವ್ ಮಾಸ್ತರ:
ಗೋವಾದಿಂದ ನಾನು. ಸುಮಾರು ಹೊತ್ತಿನಿಂದ ಓದುತ್ತಿದ್ದೇನೆ. ಘಟನೆಗೆ ಮೊದಲೇ ಬರೆಸಿಕೊಂಡರೆ ಏನಾಗುತ್ತದೆ ಎಂದು ಒಬ್ಬ ಮನುಷ್ಯ ನಿಜವಾಗಿಯೂ ಮಾಡಿ ನೋಡಿದ್ದಾನೆ. ಅದನ್ನು ಹೇಳದೆ ಈ ಮಾತು ಪೂರ್ತಿ ಆಗುವುದಿಲ್ಲ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1966ರ ಅಕ್ಟೋಬರ್ 21. ಬ್ರಿಟನ್ನಿನ ವೇಲ್ಸ್‌ನಲ್ಲಿ ಅಬರ್‌ಫಾನ್ ಎಂಬ ಕಲ್ಲಿದ್ದಲು ಗಣಿಯ ಊರು. ಗಣಿಯಿಂದ ತೆಗೆದ ತ್ಯಾಜ್ಯವನ್ನು ಊರ ಮೇಲಿನ ಗುಡ್ಡದಲ್ಲಿ ರಾಶಿ ಹಾಕುತ್ತಿದ್ದರು. ಬೆಳಗ್ಗೆ ಒಂಬತ್ತು ಕಾಲರ ಹೊತ್ತಿಗೆ ಆ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಜನ, ಅದರಲ್ಲಿ 116 ಮಕ್ಕಳು. ಹತ್ತು ವರ್ಷದ ಒಂದು ಹುಡುಗಿ ಹಿಂದಿನ ದಿನ ಅಮ್ಮನಿಗೆ ಕನಸು ಹೇಳಿದ್ದಳಂತೆ. ಶಾಲೆಗೆ ಹೋದರೆ ಶಾಲೆಯೇ ಇರಲಿಲ್ಲ, ಅದರ ಮೇಲೆ ಕಪ್ಪಗೆ ಏನೋ ಬಂದು ಮುಚ್ಚಿತ್ತು ಅಂತ. ಆ ಮಗುವೂ ಸತ್ತಿತು.

ಜಾನ್ ಬಾರ್ಕರ್ ಎಂಬ ಮನೋವೈದ್ಯ ಇದನ್ನು ಕೇಳಿ, ಲಂಡನ್ನಿನ 'ಈವ್ನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯ ವಿಜ್ಞಾನ ವರದಿಗಾರ ಪೀಟರ್ ಫೇರ್‌ಲಿ ಮೂಲಕ ಜನರಿಗೆ ಕೇಳಿದ: ಯಾರಿಗಾದರೂ ಮೊದಲೇ ಅನ್ನಿಸಿತ್ತಾ? 76 ಪತ್ರ ಬಂದವು. ಆದರೆ ಎಲ್ಲವೂ ಘಟನೆ ಆದ ಮೇಲೆ ಬರೆದದ್ದು. ಆ ಕೊರತೆ ಅವನಿಗೂ ಗೊತ್ತಿತ್ತು. ಅದಕ್ಕೆ 1967ರ ಆರಂಭದಲ್ಲಿ ಇಬ್ಬರೂ ಸೇರಿ ಪತ್ರಿಕೆಯ ಕಚೇರಿಯಲ್ಲೇ ಮುನ್ಸೂಚನೆಗಳ ಬ್ಯೂರೋ ತೆರೆದರು. ನಿಮಗೆ ಏನಾದರೂ ಅನ್ನಿಸಿದರೆ ಕೂಡಲೇ ಕಳಿಸಿ, ನಾವು ದಿನಾಂಕ ಹಾಕಿ ಇಡುತ್ತೇವೆ, ಆಮೇಲೆ ಸುದ್ದಿಯ ಜೊತೆ ಹೋಲಿಸುತ್ತೇವೆ. ನೂರಾರು ಬಂದವು. ಬಹುಪಾಲು ಯಾವುದಕ್ಕೂ ಹೊಂದಲಿಲ್ಲ. ಹೊಂದಿದವುಗಳಲ್ಲಿ ಹೆಚ್ಚಿನವು ಇಬ್ಬರೇ ಕಳಿಸಿದ್ದು, ಒಬ್ಬಾಕೆ ಸಂಗೀತ ಮತ್ತು ನೃತ್ಯದ ಟೀಚರ್, ಇನ್ನೊಬ್ಬ ಅಂಚೆ ಇಲಾಖೆಯ ಟೆಲಿಫೋನ್ ಆಪರೇಟರ್.

ಈಗ ನನಗೆ ಮುಖ್ಯ ಎನ್ನಿಸುವ ಭಾಗ. ಆ ಹುಡುಗಿಯ ಕನಸು ಎಲ್ಲಿಂದ ಬಂತು ಎಂದು ಎಲ್ಲರೂ ಆಕಾಶ ನೋಡುತ್ತಾರೆ. ಗುಡ್ಡ ನೋಡಿ. ಶಾಲೆಯ ಹಿಂದೆ ಈ ರಾಡಿ ಸುರಿಯುವುದು ಅಪಾಯ ಎಂದು 1963ರಲ್ಲೇ ಸ್ಥಳೀಯ ಆಡಳಿತದ ಎಂಜಿನಿಯರ್ ಗಣಿಯವರಿಗೆ ಪತ್ರ ಬರೆದಿದ್ದ. ಏಳನೇ ನಂಬರಿನ ಆ ರಾಶಿಯನ್ನು ನೀರಿನ ಊಟೆಯ ಮೇಲೇ ಹಾಕಿದ್ದರು. ಊರಲ್ಲಿ ದೊಡ್ಡವರು ಅದನ್ನೇ ಮಾತಾಡುತ್ತಿದ್ದರು. ಹಾಗೆ ಮಾತಾಡುವ ಮನೆಯಲ್ಲಿ ಮಲಗುವ ಮಗುವಿಗೆ ಕಪ್ಪು ರಾಶಿಯ ಕನಸು ಬೀಳದೆ ಇನ್ನೇನು ಬೀಳಬೇಕು? ಮುನ್ಸೂಚನೆ ಇತ್ತು. ಟೈಪು ಮಾಡಿ, ಸಹಿ ಹಾಕಿ, ಕಡತದಲ್ಲಿ ಇತ್ತು. 1967ರಲ್ಲಿ ವಿಚಾರಣಾ ಮಂಡಳಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದ್ದೇ ತಪ್ಪು ಎಂದು ಹೇಳಿತು. ಅತೀಂದ್ರಿಯದ ಮಾತು ಇಂಥ ಕಡೆ ಬಂದಾಗ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಆ ಮಾತಿನ ಹಿಂದೆ ಹೊಣೆಗಾರರು ಆರಾಮಾಗಿ ಅಡಗಿಕೊಳ್ಳುತ್ತಾರೆ.

ಬೊರಿವಲಿ ಶೆಟ್ರು:
ಮಾಸ್ತರರೇ, ಚೆನ್ನಾಗಿ ಬರೆದಿರಿ, ಆದರೆ ಅರ್ಧ ಬಿಟ್ಟಿರಿ. ಆ ಡಾಕ್ಟರ್ ಬಾರ್ಕರ್ ಏನಾದ? ನೀವು ಹೇಳಿದ ಆ ಇಬ್ಬರೇ 'ನಿನ್ನ ಜೀವಕ್ಕೆ ಅಪಾಯ ಇದೆ' ಎಂದು ಎಚ್ಚರಿಕೆ ಕೊಟ್ಟಿದ್ದರು. 1968ರ ಆಗಸ್ಟಿನಲ್ಲಿ ಮೆದುಳಿನಲ್ಲಿ ರಕ್ತಸ್ರಾವ ಆಗಿ ಸತ್ತ. ವಯಸ್ಸು 44. ಇದಕ್ಕೆ ಏನೆನ್ನುತ್ತೀರಿ?

ಮಡಗಾಂವ್ ಮಾಸ್ತರ:
ನಿಜ, ಅದನ್ನು ಓದಿದಾಗ ನನಗೂ ಮೈ ನಡುಗಿತ್ತು. ಆದರೆ ದಿನ ಹೇಳಿರಲಿಲ್ಲ, ಕಾಯಿಲೆ ಹೇಳಿರಲಿಲ್ಲ. ಇನ್ನೊಂದು ವಿಷಯ, ಅವನ ಆಸಕ್ತಿಯೇ ಅದು. ಸಾಯುತ್ತೀಯ ಎಂದು ಭವಿಷ್ಯ ಕೇಳಿದವರು ಹೆದರಿಕೆಯಿಂದಲೇ ಸಾಯಬಹುದಾ ಎಂದು ಸಂಶೋಧನೆ ಮಾಡುತ್ತಿದ್ದ. ಆ ಎಚ್ಚರಿಕೆ ಅವನ ತಲೆಯಲ್ಲಿ ಎಷ್ಟು ಕೊರೆಯಿತೋ ಯಾರಿಗೆ ಗೊತ್ತು.

ಬೊರಿವಲಿ ಶೆಟ್ರು:
ಸರಿ, ಹಳೆಯ ಕತೆ ಬಿಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡ್ಯಾರಿಲ್ ಬೆಮ್ 2011ರಲ್ಲಿ ಇದನ್ನು ಲ್ಯಾಬಿನಲ್ಲೇ ತೋರಿಸಿದರಲ್ಲ? ಒಂಬತ್ತು ಪ್ರಯೋಗ, ಸಾವಿರಕ್ಕೂ ಹೆಚ್ಚು ಜನ. ಪರದೆಯ ಮೇಲೆ ಎರಡು ತೆರೆ, ಯಾವುದರ ಹಿಂದೆ ಚಿತ್ರ ಬರುತ್ತದೆ ಎಂದು ಕಂಪ್ಯೂಟರ್ ಆರಿಸುವ ಮೊದಲೇ ಹೇಳಬೇಕು. ನೂರಕ್ಕೆ 53 ಸಲ ಸರಿ ಹೇಳಿದರು. ದೊಡ್ಡ ಜರ್ನಲ್‌ನಲ್ಲೇ ಅಚ್ಚಾಯಿತು.

ಕೊತ್ರೂಡ್ ಅಕ್ಕ:
ಆ 53 ಬಂದದ್ದು ಶೃಂಗಾರದ ಚಿತ್ರಗಳಿಗೆ ಮಾತ್ರ, ಅದನ್ನು ಯಾಕೆ ನುಂಗಿದಿರಿ? ಬೇರೆ ಚಿತ್ರಗಳಿಗೆ ಮಾಮೂಲಿ ಅರ್ಧಕ್ಕರ್ಧ. ಭವಿಷ್ಯ ನೋಡುವ ಶಕ್ತಿಗೂ ರುಚಿ ಇದೆ ಅಂತಾಯಿತು.

ತಮಾಷೆ ಬಿಡೋಣ. ಬೆಮ್ ಮೋಸಗಾರ ಅಲ್ಲ. ತನ್ನ ವಿಧಾನ ಎಲ್ಲ ಬರೆದು, ಬೇಕಾದವರು ಮಾಡಿ ನೋಡಿ ಎಂದು ಕೊಟ್ಟ. ಬ್ರಿಟನ್ನಿನ ಮೂರು ಕಡೆ ಮಾಡಿ ನೋಡಿದರು, 2012ರಲ್ಲಿ ಫಲಿತಾಂಶ ಬಂತು, ಏನೂ ಇಲ್ಲ. ಬೇರೆಯವರು ಇನ್ನೂ ದೊಡ್ಡದಾಗಿ ಮಾಡಿದರು, ಅದರಲ್ಲೂ ಇಲ್ಲ. ಆದರೆ ಆ ಪ್ರಬಂಧದಿಂದ ಒಂದು ಉಪಕಾರ ಆಯಿತು. ಎಲ್ಲರೂ ಬಳಸುವ ಮಾಮೂಲಿ ಲೆಕ್ಕಾಚಾರದಿಂದಲೇ ಇಂಥ ಫಲಿತಾಂಶ ಬರುವುದಾದರೆ ಆ ಲೆಕ್ಕಾಚಾರದಲ್ಲೇ ತೂತಿದೆ ಎಂದು ಮನೋವಿಜ್ಞಾನದವರು ತಮ್ಮ ಮನೆ ತಾವೇ ಜಾಲಾಡಲು ಶುರು ಮಾಡಿದರು. ಬಹಳ ಹಳೆಯ, ಹೆಸರಾದ ಪ್ರಯೋಗಗಳೂ ಆಮೇಲೆ ಬಿದ್ದುಹೋದವು.

ಥಾಣೆ ಸಿಸ್ಟರ್:
'ಇದು ಮೊದಲೇ ಆಗಿದೆ, ಮುಂದೇನು ಎಂದು ನನಗೆ ಗೊತ್ತು' ಅಂತ ಒಮ್ಮೊಮ್ಮೆ ಅನ್ನಿಸುತ್ತದಲ್ಲ, ಅದರ ಬಗ್ಗೆ ಯಾರಾದರೂ ನೋಡಿದ್ದಾರಾ? ಕೆಲವು ಫಿಟ್ಸ್ ಪೇಷಂಟ್‌ಗಳಿಗೆ ಫಿಟ್ಸ್ ಬರುವ ಮುಂಚೆ ಇದೇ ಭಾವನೆ ಬರುತ್ತದೆ. ಮೆದುಳಿನ ಪಕ್ಕದ ಭಾಗದಿಂದ ಶುರುವಾಗುವ ಫಿಟ್ಸ್‌ನಲ್ಲಿ ಜಾಸ್ತಿ.

ಮಾಟುಂಗದ ಮಾಣಿ:
ನೋಡಿದ್ದಾರೆ ಸಿಸ್ಟರ್. ಆ್ಯನ್ ಕ್ಲಿಯರಿ ಎಂಬ ಸಂಶೋಧಕಿ, ಕೊಲೊರಾಡೊದವರು. ಕಂಪ್ಯೂಟರಿನಲ್ಲಿ ಊರು, ರಸ್ತೆ, ತಿರುವು ಎಲ್ಲ ಕಟ್ಟಿ, ಮೊದಲು ಕಂಡದ್ದರ ವಿನ್ಯಾಸವೇ ಇರುವ ಬೇರೆ ಜಾಗದಲ್ಲಿ ಜನರನ್ನು ಓಡಾಡಿಸಿದರು. ಆ ಭಾವನೆ ಬಂದಾಗ ಜನರಿಗೆ ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ತನಗೆ ಗೊತ್ತು ಅಂತ ಗಟ್ಟಿಯಾಗಿ ಅನ್ನಿಸಿತು. ಹೇಳಿದ್ದು ಮಾತ್ರ ನಾಣ್ಯ ಚಿಮ್ಮಿದಷ್ಟೇ ಸರಿ. 2018ರಲ್ಲಿ ಪ್ರಕಟವಾಗಿದೆ. 'ಗೊತ್ತಿತ್ತು' ಎಂಬ ಭಾವನೆ ಬೇರೆ, ಗೊತ್ತಿರುವುದು ಬೇರೆ. ಒಂದು ಇನ್ನೊಂದಿಲ್ಲದೆಯೂ ಬರುತ್ತದೆ.

ಪಿಂಪ್ರಿಯ ಹಡಗಲಿ ಹುಡುಗ:
ಅಕ್ಕಾ, ನಮ್ಮ ದೇಶದಲ್ಲಿ ಯಾರೂ ಇಂಥದ್ದು ಮಾಡಿಲ್ಲವಾ?

ಕೊತ್ರೂಡ್ ಅಕ್ಕ:
ನಮ್ಮ ಪುಣೆಯಲ್ಲೇ ಆಗಿದೆ ತಮ್ಮಾ. ಜ್ಯೋತಿಷ್ಯದ ಮೇಲೆ, ಆದರೆ ವಿಧಾನ ಇದಕ್ಕೂ ಬರುತ್ತದೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್, ಜೊತೆಗೆ ನರೇಂದ್ರ ದಾಭೋಲ್ಕರ್ ಅವರ ಅಂಧಶ್ರದ್ಧಾ ನಿರ್ಮೂಲನ ಸಮಿತಿ. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯ 100 ಮಕ್ಕಳು, ಎಲ್ಲರ ಜನ್ಮವಿವರ ತೆಗೆದುಕೊಂಡು ಜಾತಕ ಬರೆಸಿದರು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ. ಯಾರು ಯಾವ ಗುಂಪು ಎಂದು ಹೇಳಿದರೆ ಸಾಕು. 51 ಜನ ಮುಂದೆ ಬಂದರು, ಉತ್ತರ ಕಳಿಸಿದವರು 27. ಸರಾಸರಿ ನೂರಕ್ಕೆ 46 ಸರಿ. ಸುಮ್ನೆ ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು. ಅದೇ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಗ್ಗೆ ಓಂಕಾರೇಶ್ವರ ಸೇತುವೆಯ ಹತ್ತಿರ ಗುಂಡಿಟ್ಟು ಕೊಂದರು. ಆ ದಾರಿಯಲ್ಲಿ ನಾನು ಈಗಲೂ ಓಡಾಡುತ್ತೇನೆ. ಪ್ರಶ್ನೆ ಕೇಳುವುದು ಇಲ್ಲಿ ಬರೀ ಹರಟೆ ಅಲ್ಲ.

ಬೊರಿವಲಿ ಶೆಟ್ರು:
ಅದು ಘೋರ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಜ್ಯೋತಿಷಿಗಳ ಬಗ್ಗೆ ನನಗೂ ಗೌರವ ಅಷ್ಟಕ್ಕಷ್ಟೇ. ಆದರೆ ಅಮ್ಮ ಹಣ ತೆಗೆದುಕೊಂಡು ಭವಿಷ್ಯ ಹೇಳುತ್ತಿರಲಿಲ್ಲ. ಒಂದು ಸಲ ಹೇಳಿದಳು, ಆಯಿತು. ಅದನ್ನು ಯಾವ ಲ್ಯಾಬಿಗೂ ಕರೆದುಕೊಂಡು ಹೋಗಲು ಆಗುವುದಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ನೂರಕ್ಕೆ ಇಷ್ಟು ಎಂಬ ಲೆಕ್ಕಕ್ಕಾಗಿ ಬಿಡುವುದಿಲ್ಲ.

ಕೊತ್ರೂಡ್ ಅಕ್ಕ:
ಬಿಡಬೇಡಿ. ಅದು ನಿಮ್ಮ ಅಮ್ಮನ ನೆನಪು, ಇಟ್ಟುಕೊಳ್ಳಿ. ಅದರಿಂದ ಜಗತ್ತು ಹೀಗಿದೆ ಎಂದು ತೀರ್ಮಾನ ಮಾಡುವಾಗ ಮಾತ್ರ ನಾನು ಕೈ ಅಡ್ಡ ಹಾಕುತ್ತೇನೆ.

ಮಾಟುಂಗದ ಮಾಣಿ:
ಹಾಗಾದರೆ ನಾವೇ ಒಂದು ವರ್ಷ ಮಾಡಿ ನೋಡೋಣವಾ? ಒಂದು ಇಮೇಲ್ ತೆರೆಯುತ್ತೇನೆ. ಏನಾದರೂ ಅನ್ನಿಸಿದರೆ ಆ ಕ್ಷಣವೇ ಕಳಿಸಿ, ದಿನ ಮತ್ತು ಹೊತ್ತು ತಾನಾಗಿ ಬೀಳುತ್ತದೆ. ಏನು, ಯಾರಿಗೆ, ಯಾವಾಗಿನೊಳಗೆ ಎಂದು ಬಿಡಿಸಿ ಬರೆಯಬೇಕು. 'ಜುಲೈನಲ್ಲಿ ಮುಂಬೈಯಲ್ಲಿ ನೀರು ನಿಲ್ಲುತ್ತದೆ' ಎಂದರೆ ತೆಗೆದುಕೊಳ್ಳುವುದಿಲ್ಲ, ಅದು ಮಹಾನಗರಪಾಲಿಕೆಗೂ ಗೊತ್ತು. 2005ರ ಜುಲೈ 26ರಂತೆ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯುತ್ತದೆ ಎಂದು ದಿನಾಂಕ ಹಾಕಿ ಹೇಳಿದರೆ ಮಾತ್ರ ಲೆಕ್ಕ.

ಥಾಣೆ ಸಿಸ್ಟರ್:
ಒಂದು ಷರತ್ತು. ಯಾರದ್ದಾದರೂ ಸಾವಿನ ಬಗ್ಗೆ ಅನ್ನಿಸಿದರೆ ಇಮೇಲ್‌ಗೆ ಮಾತ್ರ ಹಾಕಿ, ಆ ಮನುಷ್ಯನಿಗೆ ಹೇಳಬೇಡಿ. ಬಾರ್ಕರ್ ಕತೆ ಓದಿದ ಮೇಲೆ ನನಗೆ ಅದು ಬಹಳ ಮುಖ್ಯ ಎನ್ನಿಸುತ್ತಿದೆ. ಮತ್ತೆ ನಿಮಗೇ ಎದೆ ಒಂಥರಾ ಅನ್ನಿಸಿದರೆ ಇಮೇಲ್ ಬರೆಯುತ್ತ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

ಮಡಗಾಂವ್ ಮಾಸ್ತರ:
ಒಳ್ಳೆಯದು ಆಗುತ್ತದೆ ಎಂದು ಅನ್ನಿಸಿದರೂ ಬರೆಯಿರಿ. ಎಲ್ಲರಿಗೂ ಸಾವು, ಅಪಘಾತವೇ ಯಾಕೆ ಮೊದಲೇ ಕಾಣುತ್ತದೆ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೊರಿವಲಿ ಶೆಟ್ರು:
ನಾನು ತಯಾರು. ಮೊದಲನೆಯದು ನನ್ನದೇ ಬರೆದುಕೊಳ್ಳಿ. ಈ ಸಲ ನಮ್ಮ ಸಂಘದ ಚುನಾವಣೆಯಲ್ಲಿ ಹಳೆಯ ಖಜಾಂಚಿ ಸೋಲುತ್ತಾರೆ, ನಾನು ಗೆಲ್ಲುತ್ತೇನೆ. ಬಹಳ ಬಲವಾಗಿ ಅನ್ನಿಸುತ್ತಿದೆ.

ಕೊತ್ರೂಡ್ ಅಕ್ಕ:
ಶೆಟ್ರೇ, ಇದು ಮುನ್ಸೂಚನೆ ಅಲ್ಲ, ಪ್ರಚಾರ. ಮಾಣಿ, ತೆಗೆದುಕೊಳ್ಳಬೇಡ.